ಓರಗಿತ್ತಿಯ ಎಡಗಾಲು

ಗದಗ, ಗಾಳಿಶಕ ಎಂಬತ್ತೆಂಟು, ಹದಿಮೂರನೆಯ ತಿಂಗಳ ಹುಣ್ಣಿಮೆ.

ಸೊಂಟದಿಂದ ಕಾಲಿಗಿಳಿಯುವ ನೋವಿನಲ್ಲಿ ಇದನ್ನು ಓದುತ್ತಿರುವ ಹಿಂದಿನ ಕಾಲದವರಿಗೆ ಇಂದುಮತಿಯ ನಮಸ್ಕಾರ. ನನ್ನ ಕೆಲವು ಮಾತು ನಿಮ್ಮ ಕಿವಿಗೆ ವಿಚಿತ್ರವೆನಿಸಿದರೆ ಮನ್ನಿಸಿ. ನೀವು ಸಯಾಟಿಕಾ ಎನ್ನುವುದನ್ನು ನಾವು ಕಾಲ್ಮಿಂಚು ಎನ್ನುತ್ತೇವೆ.

ನಾನೂ ನನ್ನ ಓರಗಿತ್ತಿ ದ್ರಾಕ್ಷಾಯಣಿಯೂ ಕಪ್ಪತಗುಡ್ಡದಲ್ಲಿ ಗಾಳಿಯಿಂದ ವಿದ್ಯುತ್ ತೆಗೆಯುವ ಗಾಳಿಗೋಪುರಗಳನ್ನು ಹತ್ತಿ ರೆಕ್ಕೆ ತೊಳೆಯುವವರು. ಅವಳು ನನಗಿಂತ ಚುರುಕು, ಅತ್ತೆಗೆ ಅಚ್ಚುಮೆಚ್ಚು. ಒಂದು ಸುಗ್ಗಿಯಲ್ಲಿ ಇಬ್ಬರಿಗೂ ಕಾಲ್ಮಿಂಚು ಬಂತು. ಆಸ್ಪತ್ರೆಯಲ್ಲಿ ನರಗನ್ನಡಿಯ ಮುಂದೆ ನಿಲ್ಲಿಸಿದರು; ಮೈಯೊಳಗಿನ ನರಗಳನ್ನು ಬೆಳಕಿನ ಎಳೆಗಳಾಗಿ ತೋರಿಸುವ ಯಂತ್ರವದು. ಬೆನ್ನುಮೂಳೆಗಳ ನಡುವಿನ ಮೆತ್ತೆ ಇಬ್ಬರಲ್ಲೂ ಜಾರಿ ನರವನ್ನು ಒತ್ತುತ್ತಿತ್ತು. ಅವಳನ್ನು ಆಗಲೇ ಶಸ್ತ್ರಚಿಕಿತ್ಸೆಗೆ ಒಯ್ದರು. ನನಗೆ ವೈದ್ಯೆ ಹೇಳಿದ್ದು ಇಷ್ಟೇ: "ನಿಮ್ಮದು ತಾನಾಗೇ ಇಳೀತೈತ್ರಿ. ಮಲಗಿಬಿಡಬ್ಯಾಡ್ರಿ, ಆದಷ್ಟು ಅಡ್ಡಾಡ್ರಿ."

ನನ್ನ ಹೊಟ್ಟೆ ಉರಿಯಿತು. ಮನೆಗೆ ಬಂದ ಅವಳಿಗೆ ಮೆತ್ತನೆಯ ಹಾಸಿಗೆ, ಅತ್ತೆಯೇ ಕಲಸಿಕೊಡುವ ನುಚ್ಚು ಮಜ್ಜಿಗೆ; ನನಗೆ ಗುಳಿಗೆ ಮತ್ತು ಅಂಗಳದ ಸುತ್ತು. ಹೆಜ್ಜೆಯಿಟ್ಟಾಗಲೆಲ್ಲ ತೊಡೆಯ ಹಿಂಬದಿಯಿಂದ ಹಿಮ್ಮಡಿಯವರೆಗೆ ಕಾದ ತಂತಿ ಎಳೆದಂತಾಗುತ್ತಿತ್ತು. ಒಂದು ಬೆಳಿಗ್ಗೆ ಜಗಳವಾಡಲೆಂದೇ ಅವಳ ಕೋಣೆಗೆ ಹೋದೆ.

"ನಿನಗೊಂದು ನ್ಯಾಯ, ನನಗೊಂದು ನ್ಯಾಯ ಏನವ್ವಾ? ನಾ ಏನು ಕಡಿಮಿ ನರಳೇನಿ?"

ಅವಳು ಹೊದಿಕೆ ಸರಿಸಿದಳು. ಎಡಪಾದ ಜೋತುಬಿದ್ದಿತ್ತು.

"ಅಕ್ಕಾ, ಈ ಪಾದ ಎತ್ತಾಕ ಬರವಲ್ದು. ಕೂಡೂ ಜಾಗಾ ಮರಗಟ್ಟೈತಿ, ಉಚ್ಚಿ ಹೋದದ್ದೂ ತಿಳೀತಿರಲಿಲ್ಲ. ನಾಚಿಕೊಂಡು ಎರಡು ದಿನ ಯಾರಿಗೂ ಹೇಳಲಿಲ್ಲ ನಾ. ನೀ ಅಂಗಳದಾಗ ಅಯ್ಯೋ ಅನಕೋತ ಅಡ್ಡಾಡೂದು ಕೇಳಿದ್ರ ನನ್ನ ಹೊಟ್ಟಿ ಉರೀತೈತಿ. ನಿನಗ ನೋವಾದ್ರೂ ಐತಿ."

ಆ ಪಾದವನ್ನು ಮಡಿಲಿಗೆ ಎತ್ತಿಕೊಂಡು ಕುಳಿತೆ. ಒತ್ತಿದೆ, ಉಜ್ಜಿದೆ, ಅವಳಿಗೆ ತಿಳಿಯಲಿಲ್ಲ.

ಮಳೆಗಾಲಕ್ಕೆ ಮುಂಚೆ ನನ್ನ ನೋವು ಇಳಿಯಿತು. ಅವಳಿಗೆ ಮೂತ್ರದ ಹಿಡಿತ ಮರಳಿತು, ಪಾದ ಪೂರ್ತಿ ಮರಳಲಿಲ್ಲ. ಈಗ ಗೋಪುರ ಹತ್ತುವವಳು ನಾನೊಬ್ಬಳೇ. ಕೆಳಗೆ ನಿಂತು ತಲೆಯೆತ್ತಿ ನೋಡುವ ಅವಳ ಕಣ್ಣಲ್ಲಿ ಏನಿದೆಯೆಂದು ನನಗೆ ಗೊತ್ತು; ಬಹುಕಾಲ ಅದು ನನ್ನ ಕಣ್ಣಲ್ಲಿತ್ತು.

ನೋವಷ್ಟೇ ಇದ್ದರೆ ಹೆದರಬೇಡಿ, ವೈದ್ಯರನ್ನು ಕೇಳಿ ನಡೆದಾಡಿ. ಪಾದ ಸೋತರೆ, ಕೂರುವ ಜಾಗ ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ನಾಚದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ನಿಮಗಿನ್ನೂ ಹೊತ್ತು ಮೀರಿಲ್ಲ. ಅದನ್ನು ನೆನೆದರೆ ನಿಮ್ಮ ಮೇಲೆ ನಮ್ಮಿಬ್ಬರಿಗೂ ಹೊಟ್ಟೆಕಿಚ್ಚು.