ಬೀಗರೂಟಕ್ಕೆ ಹೊರಟಿದ್ದೆವು ಎಂದೆಯಲ್ಲ, ಅಪ್ಪಾ

ನನ್ನನ್ನು ಹೀಗೆ ಇಕ್ಕಟ್ಟಿನಲ್ಲಿ ಸಿಕ್ಕಿಸಿ ಹೋದ ನನ್ನ ಅಪ್ಪನಿಗೆ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಬಲಗೈಗೆ ಒಳಗೆ ಕಂಬಿ ಹಾಕಿದ್ದಾರೆ. ಮೊಣಕೈ ಮಡಚುವುದಿಲ್ಲ, ಬೆರಳಿಗೆ ಹಿಡಿತವಿಲ್ಲ. ಇದೆಲ್ಲ ನಿನಗೆಲ್ಲಿ ಗೊತ್ತು? ಹಾಸನದ ಆಸ್ಪತ್ರೆಯಲ್ಲಿ ನನ್ನನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದಾಗ ನೀನು ಪಕ್ಕದ ವಾರ್ಡಿನಲ್ಲಿ ಮಲಗಿದ್ದಲ್ಲೇ ಪೊಲೀಸರ ಹತ್ತಿರ ಮಾತಾಡುತ್ತಿದ್ದೆಯಂತೆ. ನನಗೆ ಎಚ್ಚರವಾಗುವಷ್ಟರಲ್ಲಿ ನೀನಿರಲಿಲ್ಲ. ಆ ಕೊನೆಯ ಮಾತಿನ ಬಗ್ಗೆಯೇ ಈ ಕಾಗದ.

ಬೆಳಗಿನ ಮಂಜಿನಲ್ಲಿ ಲೋಕೇಶನ ಪಿಕಪ್ ಗಾಡಿ ನಮ್ಮೂರ ಬಾಗಿಲಲ್ಲಿ ನಿಲ್ಲುತ್ತಿದ್ದದ್ದು ನೆನಪಿದೆಯಾ? ಹಳೇಬೀಡಿನ ಈ ಮಗ್ಗುಲಿನಿಂದ ಬಿಕ್ಕೋಡಿನಾಚೆಯ ತೋಟಕ್ಕೆ ಕಾಫಿ ಹಣ್ಣು ಕುಯ್ಯಲು ಹೆಂಗಸರನ್ನು ಹೊಂದಿಸಿ ಕರೆದೊಯ್ಯುವ ಮೇಸ್ತ್ರಿ ನೀನು. ಸಾಮಾನು ಸಾಗಿಸುವ ಗಾಡಿಯಲ್ಲಿ ಜನರನ್ನು ತುಂಬಬಾರದು ಅಂತ ನಿನಗೂ ಗೊತ್ತಿತ್ತು, ಲೋಕೇಶನಿಗೂ ಗೊತ್ತಿತ್ತು, ಗಾಡಿ ಕಳಿಸುತ್ತಿದ್ದ ತೋಟದವರಿಗಂತೂ ಚೆನ್ನಾಗಿಯೇ ಗೊತ್ತಿತ್ತು. ಅದಕ್ಕೇ ಹತ್ತುವಾಗಲೆಲ್ಲ ನಿನ್ನ ಪಾಠ: "ಪೊಲೀಸ್ನೋರು ತಡುದ್ರೆ ಬೀಗರೂಟಕ್ಕೆ ಹೊಂಟಿದೀವಿ ಅನ್ರಮ್ಮಾ. ಮಖ ಒಸಿ ಮದ್ವೆಗ್ ಹೋಗೋರಂಗೆ ಇಟ್ಕಳಿ." ಶಾಂತಕ್ಕ ಬಿಡುತ್ತಿರಲಿಲ್ಲ, "ಹಂಗಾದ್ರೆ ಬಾಡೂಟನೂ ಹಾಕ್ಸು ಮೇಸ್ತ್ರಿ" ಎನ್ನುತ್ತಿದ್ದಳು. ಕೂಲಿಗೆ ಎಂದರೆ ಗಾಡಿ ಹಿಡಿಯುತ್ತಾರೆ, ಊಟಕ್ಕೆ ಎಂದರೆ ಬೈದು ಬಿಡುತ್ತಾರೆ. ನಮ್ಮ ಸೀಮೆಯ ಮೇಸ್ತ್ರಿಗಳೆಲ್ಲ ಹೇಳಿಕೊಡುವ ಮಾತೇ ಅದು.

ಗಾಡಿ ಮಗುಚಿದ್ದು ಬೇಲೂರು ದಾಟಿದ ಮೇಲೆ, ಬಿಕ್ಕೋಡಿನ ರಸ್ತೆಯ ತಿರುವಿನಲ್ಲಿ. ನನ್ನ ಕೈ ಗಾಡಿಯಡಿ ಸಿಕ್ಕಿತ್ತು. ನೀನು ನನ್ನ ಹೆಸರು ಹಿಡಿದು ಕೂಗಿದ್ದು ಕೇಳಿಸಿತು, ಆಮೇಲೆ ಏನೂ ಇಲ್ಲ. ಉಳಿದದ್ದೆಲ್ಲ ಶಾಂತಕ್ಕ ಹೇಳಿದ್ದು. ರಸ್ತೆ ತುಂಬ ನಮ್ಮ ಬುತ್ತಿಯ ಡಬ್ಬಿಗಳು, ಮುದ್ದೆ, ಚೆಲ್ಲಿದ ಸಾರು. "ಬೀಗರೂಟಕ್ಕೆ ಬುತ್ತಿ ಕಟ್ಕಂಡು ಹೋಗ್ತಾರೇನಯ್ಯಾ?" ಎಂದು ಪೇದೆ ಕೇಳಿದನಂತೆ. ಆದರೂ ನೀನು ಹೇಳಿದ್ದನ್ನೇ ಬರೆದುಕೊಂಡ. ಆಸ್ಪತ್ರೆಯಲ್ಲಿ ಪೊಲೀಸ್ ಸಾಹೇಬರು ಬಂದು ಕೇಳಿದಾಗಲೂ ನೀನು ಅದನ್ನೇ ಹೇಳಿದೆ. ಮೇಸ್ತ್ರಿ ಹೇಳಿದ ಮೇಲೆ ಹೆಂಗಸರೂ ಅದನ್ನೇ ಹೇಳಿದರು. ಯಾಕಪ್ಪಾ? ಉಸಿರು ಹೋಗುವಾಗಲೂ ಅಭ್ಯಾಸ ಬಿಡಲಿಲ್ಲವೇ? ಅಥವಾ ಲೋಕೇಶ ನಿನ್ನ ಗೆಳೆಯನ ಮಗ, ಅವನ ಲೈಸೆನ್ಸ್ ಉಳಿಯಲಿ ಅಂತ... ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಮಗಳು ಆಪರೇಷನ್ ಟೇಬಲ್ಲಿನ ಮೇಲೆ, ನಿನಗೆ ಅವನ ಚಿಂತೆ!

ಬೇಲೂರಿನ ವಕೀಲೆಯ ಮುಂದೆ ಕೂತ ದಿನ ನನಗೆ ಮೊದಲ ಸಲ ಆಸೆ ಹುಟ್ಟಿತ್ತು. ಹಿಂದೆಲ್ಲ ಮಾಲೀಕರು, ಪೆಟ್ಟಾದದ್ದು ತೋಟದೊಳಗಲ್ಲ, ರಸ್ತೆಯಲ್ಲಿ ಆದದ್ದಕ್ಕೆ ನಾವು ಹೊಣೆಯಲ್ಲ ಎಂದು ಕೈ ತೊಳೆದುಕೊಳ್ಳುತ್ತಿದ್ದರಂತೆ. "ಈಗ ಹಾಗಲ್ಲಮ್ಮ. ಮನೆಯಿಂದ ಕೆಲಸಕ್ಕೆ ಹೋಗೋ ದಾರೀಲಿ ಪೆಟ್ಟಾದ್ರೂ ಕೆಲಸದಲ್ಲಿ ಆದ ಹಾಗೇ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಹೊಸ ಕಾನೂನಲ್ಲೂ ಸೇರಿಸಿದ್ದಾರೆ. ನೀವು ಕೆಲಸಕ್ಕೇ ಹೋಗ್ತಿದ್ರಿ ಅಂತ ತೋರಿಸಬೇಕು, ಅಷ್ಟೆ" ಎಂದರು. ಅಷ್ಟೆಯಂತೆ! ಕಾನೂನು ಕೊನೆಗೂ ನಮ್ಮ ಬಾಗಿಲಿಗೆ ಬಂದರೆ, ಒಳಗಿನಿಂದ ಚಿಲಕ ಹಾಕಿ ಹೋದವನು ನೀನೇ. ತೋಟದವರು ನಿನ್ನ ಹೇಳಿಕೆಯನ್ನೇ ಹಿಡಿದು ಕೂತಿದ್ದಾರೆ. ಇವರು ನಮ್ಮ ಕೆಲಸಕ್ಕೆ ಬರುತ್ತಿರಲಿಲ್ಲ, ಊಟಕ್ಕೆ ಹೊರಟಿದ್ದರು, ಸಾಯುವ ಮುಂಚೆ ಮೇಸ್ತ್ರಿಯೇ ಹೇಳಿದ್ದಾನೆ ಅಂತ. ನಿನ್ನ ಹೆಣಕ್ಕೆ ಹಾರ ತಂದವರೂ ಅವರೇ. ನನ್ನ ಕೈಗೆ ಸಿಗಬೇಕಾದ ಪರಿಹಾರ, ನಿನ್ನ ಸಾವಿಗೆ ಅವ್ವನಿಗೆ ಸಿಗಬೇಕಾದದ್ದು, ಎಲ್ಲ ಅಲ್ಲೇ ನಿಂತಿದೆ.

ಮನೆಮನೆಗೆ ಹೋಗಿ ಬೇಡಿಕೊಂಡೆ. ಶಾಂತಕ್ಕ ಅತ್ತೇಬಿಟ್ಟಳು. "ನಿಜ ಹೇಳುದ್ರೆ ನಾಳಿಕ್ಕೆ ನಮ್ಮುನ್ನ ತೋಟಕ್ಕೆ ಸೇರುಸ್ತಾರೇನೇ? ಮೇಸ್ತ್ರಿ ಮಾತ್ನ ನಾನೆಂಗೆ ಸುಳ್ಳು ಅನ್ಲಿ?" ಲೋಕೇಶ ಮುಖ ಕೊಡದೆ ಹೇಳಿದ, "ನಿಮ್ಮಪ್ಪ ಉಳ್ಸವ್ರೆ ನನ್ನ. ನೀನು ಮುಳುಗುಸ್ತೀಯಾ?" ಆವತ್ತು ಪ್ರಜ್ಞೆ ತಪ್ಪಿದ್ದರಿಂದ ಹೇಳಿಕೆ ಕೊಡದೆ ಉಳಿದವಳು ನಾನೊಬ್ಬಳೇ. ನಿನ್ನ ಮಾತಿಗೆ ಎದುರಾಗಿ ನನ್ನ ಮಾತು ನಿಲ್ಲುತ್ತದೋ ಇಲ್ಲವೋ, ವಕೀಲೆಗೂ ಖಾತ್ರಿಯಿಲ್ಲ.

ಗಂಡನ ಮನೆ ಬಿಟ್ಟು ನಾನು ಬರಿಗೈಯಲ್ಲಿ ಬಂದ ದಿನ ನೀನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೇಳಿದವರಿಗೆಲ್ಲ "ಮಗ್ಳು ಹಬ್ಬಕ್ಕೆ ಬಂದವ್ಳೆ" ಎಂದೆ. ಹಬ್ಬ ಕಳೆದು ಇನ್ನೊಂದು ಹಬ್ಬ ಬಂದರೂ ಅದನ್ನೇ ಹೇಳುತ್ತಿದ್ದೆ. ಯಾರದಾದರೂ ಮಾನ ಉಳಿಸಬೇಕಾದರೆ ನಿನ್ನ ನಾಲಿಗೆಗೆ ಸುಳ್ಳು ಎಷ್ಟು ಸಲೀಸಾಗಿ ಬರುತ್ತಿತ್ತು! ಆ ಸುಳ್ಳಿನ ನೆರಳಿನಲ್ಲಿ ನಾನೂ ಬದುಕಿದೆ. ಅದಕ್ಕೇ ನಿನ್ನ ಮೇಲಿನ ಸಿಟ್ಟು ಪೂರ್ತಿ ಬರುವುದೂ ಇಲ್ಲ, ಹೋಗುವುದೂ ಇಲ್ಲ.

ವಿಚಾರಣೆಯಲ್ಲಿ ನಿಜ ಹೇಳುತ್ತೇನೆಂದು ಅವ್ವನಿಗೆ ತಿಳಿಸಿದಾಗ ಅವಳು ಮುದ್ದೆ ತೊಳಸುತ್ತಿದ್ದಳು. ಒಂದು ಕೈಯಲ್ಲಿ ಮುದ್ದೆ ತೊಳಸಲಾದೀತೇ? ಈಗ ಅದೂ ಅವಳದೇ ಕೆಲಸ. ಕೋಲು ಪಾತ್ರೆಯಲ್ಲೇ ಬಿಟ್ಟು, "ಸತ್ತೋರ್ನ ಸುಳ್ಗಾರ ಅಂತೀಯೇನೇ? ಊರೆಲ್ಲ ಅವ್ರ ಮಾತ್ಗೆ ಬೆಲೆ ಕೊಡ್ತಿತ್ತು" ಎಂದಳು. ನನಗೂ ರೇಗಿತು. "ಆ ಮಾತ್ಗೆ ಬೆಲೆ ಕೊಟ್ಟೇ ನಾವು ಹಿಂಗಾಗಿರೋದು ಕಣವ್ವಾ" ಎಂದೆ. ಆಮೇಲೆ ಒಂದೇ ಮನೆಯಲ್ಲಿದ್ದು ಮಾತು ಬಿಟ್ಟೆವು.

ನಿನಗೆ ಗೊತ್ತಿಲ್ಲದ ಸುದ್ದಿ ಹೇಳಲೇ? ಇವತ್ತು ಅವ್ವ ತೋಟಕ್ಕೆ ಹೋದಳು. ಸೊಂಟ ನೋವಿನವಳು ಎಂದು ನೀನು ಅವಳನ್ನು ಒಂದು ದಿನವೂ ಗಾಡಿ ಹತ್ತಿಸಿರಲಿಲ್ಲ. ತೋಟ ಅದೇ. ಗಾಡಿ ಬೇರೆ, ಮೇಸ್ತ್ರಿ ಬೇರೆ. ಯಾರಾದರೂ ಕೇಳಿದರೆ ಬೀಗರೂಟ ಅನ್ನಿ ಎಂದು ಅವನೂ ಹೇಳಿದ. ಗಾಡಿಯ ಮೇಲೆ ಒಂದು ಕಾಲಿಟ್ಟಿದ್ದ ಅವ್ವ ಹಾಗೇ ನಿಂತು, ತಿರುಗಿ ನನ್ನನ್ನು ನೋಡಿದಳು. "ನಾಳೆ ನಿಜಾನೇ ಹೇಳೇ. ನಿಮ್ಮಪ್ಪ ಬೈದ್ರೆ ನಾನು ಬೈಸ್ಕತೀನಿ." ಅಷ್ಟು ಹೇಳಿ ಹತ್ತಿ ಹೋದಳು.

ನಾಳೆ ಹಾಸನದಲ್ಲಿ ವಿಚಾರಣೆ. ಮೊದಲು ಹೆಸರು, ತಂದೆಯ ಹೆಸರು ಕೇಳುತ್ತಾರಂತೆ. ಸಾವಿತ್ರಿ, ಮೇಸ್ತ್ರಿ ರಂಗಪ್ಪನ ಮಗಳು ಎಂದು ಎಲ್ಲರಿಗೂ ಕೇಳಿಸುವಂತೆ ಹೇಳುತ್ತೇನೆ. ಆಮೇಲೆ ಅಷ್ಟೇ ಗಟ್ಟಿಯಾಗಿ, ನಮ್ಮಪ್ಪ ಹೇಳಿದ್ದು ಸುಳ್ಳು ಎಂದೂ ಹೇಳುತ್ತೇನೆ.