ಗಿಳಿಹಸಿರು ಹನಿ

೬ ಜನವರಿ
ಬರೆಯುವುದೆಂದರೆ ನನಗೆ ಆಗದು. ಐದನೇ ಇಯತ್ತೆಗೇ ಸಾಲಿ ಬಿಟ್ಟವನ ಕೈಗೆ ಸೊಸೆ ಶಗುಫ್ತಾ ಡೈರಿ ಕೊಟ್ಟಿದ್ದಾಳೆ. "ಅಬ್ಬಾ, ಬಿ.ಪಿ. ಏರೈತ್ರಿ. ಬೈಯೂದೆಲ್ಲಾ ಇದರಾಗ ಬೈರಿ." ಬೈಯುತ್ತೇನೆ.

ಮೊದಲ ಬೈಗುಳ ಆಸಿಲೊಸ್ಕೋಪಿಗೆ — ಸಿಗ್ನಲ್ಲನ್ನು ಪರದೆಯ ಮೇಲೆ ತೋರಿಸುವ ಯಂತ್ರ, ಈ ವಾರ ಬರೀ ಕೆಟ್ಟ ಸುದ್ದಿ ತೋರಿಸುತ್ತಿದೆ. ಮಗ್ಗದ ಮಾಲೀಕ ಧನ್ಯಕುಮಾರನ ನಾಲ್ಕು ಬೋರ್ಡು ನನ್ನ ಅಂಗಡಿಗೆ ರಿಪೇರಿಗೆ ಬಂದಿದ್ದವು — ನೂಲು ಹರಿದರೆ ಮಗ್ಗ ನಿಲ್ಲಿಸುವಂಥವು. ಐದು ವೋಲ್ಟ್ ಸಿಗ್ನಲ್ ಕಾಣಬೇಕು. ಪರದೆಯ ಮೇಲೆ ಅರ್ಧ ವೋಲ್ಟು. ನಾಲ್ಕರಲ್ಲೂ ಐಸಿ ಚಿಪ್ಪು ಬದಲಿಸಿದೆ. ಮತ್ತೂ ಅರ್ಧವೇ. "ಸತ್ತಾವು, ಒಯ್ರಿ" ಎಂದು ವಾಪಸು ಕೊಟ್ಟೆ.

೯ ಜನವರಿ
ಧನ್ಯಕುಮಾರ ಬಂದ. ಕುಂದರಲಿಲ್ಲ.
"ಸಮದಭಾಯ್, ನೀವು ಸತ್ತಾವಂದ್ರಿ. ಖಾನಾಪುರಕ್ಕ ನಿಮ್ಮ ಅಮ್ಜದನ ಕಡೆ ಒಯ್ದೆ. ನಾಕೂ ಓಡಾಕತ್ಯಾವ. 'ಭಾಯಿಸಾಬಗ ಕಣ್ಣಿನ ಚಾಳೀಸ ಬದಲಸಬೇಕಾಗೈತಿ' ಅಂದ. ಇನ್ನ ಮ್ಯಾಲ ಅಲ್ಲೇ ಒಯ್ತೀನ್ರಿ."
ಅಮ್ಜದ — ನನ್ನ ತಂಗಿ ಗುಲಶನಳ ಗಂಡ. ಸೋಲ್ಡರಿಂಗ್ ಕಲಿಸಿದವನು ನಾನು. ಇದೇ ಸ್ಕೋಪನ್ನು ಡಿಸೆಂಬರಿನಲ್ಲಿ ಎರವಲು ಒಯ್ದು ಮೊನ್ನೆ ಮೊನ್ನೆ ತಂದಿಟ್ಟವನು.
ನಮ್ಮ ಶಹಾಪುರದ ತುಂಬ ಈಗ ನಾನು ಕುರುಡ.

೧೦ ಜನವರಿ, ಮಧ್ಯಾಹ್ನ
ಸ್ಕೋಪಿನ ಮುಂಭಾಗದಲ್ಲಿ ಅದರದೇ ಪರೀಕ್ಷೆಯ ಮೊಳೆಯೊಂದಿದೆ. ಎರಡು ವೋಲ್ಟು ಕೊಡುತ್ತದೆ. ಸಿಗ್ನಲ್ ಹಿಡಿಯುವ ಸೂಜಿಕಡ್ಡಿ, ಅಂದರೆ ಪ್ರೋಬ್, ಹಚ್ಚಿದೆ — ಪಾಯಿಂಟ್ ಎರಡು! ಗುಂಡಿ ಒರೆಸಿದೆ, ಕೇಬಲ್ ಅಲುಗಾಡಿಸಿದೆ. ಅಷ್ಟೇ. ಪ್ರೋಬ್ ಕಿತ್ತು ಬರೀ ವಯರು ಹಚ್ಚಿದೆ. ಸರಿಯಾಗಿ ಎರಡು.

ಅಂದರೆ ಪ್ರೋಬು. ಹಿಡಿಯಲ್ಲಿ ಸಣ್ಣ ಸ್ವಿಚ್ಚು: ಒಂದು, ಹತ್ತು. ಹತ್ತಕ್ಕೆ ತಳ್ಳಿದರೆ ಸಿಗ್ನಲ್ಲಿನ ಹತ್ತನೇ ಒಂದು ಪಾಲು ಮಾತ್ರ ಒಳಗೆ ಬಿಡುತ್ತದೆ. ನಾನು ಒಂದರಿಂದ ಸರಿಸಿದವನೇ ಅಲ್ಲ. ಈಗ ಹತ್ತರಲ್ಲಿ ಕೂತಿದೆ. ಉಗುರಿನಿಂದ ತಳ್ಳಿದೆ, ಜಗ್ಗಲಿಲ್ಲ. ಭೂತಗನ್ನಡಿ ಹಿಡಿದೆ. ಸಂದಿಯಲ್ಲಿ ಒಂದು ಹನಿ ನೇಲ್ ಪಾಲಿಶ್...
ಗಿಳಿಹಸಿರು.
ಕೂಡಿಸಿದ ಸ್ಕ್ರೂ ಜಾರದಿರಲೆಂದು ನೇಲ್ ಪಾಲಿಶ್ ಹಚ್ಚುವುದು ನಮ್ಮ ಕಸುಬಿನ ರೂಢಿ. ಒಬ್ಬೊಬ್ಬರದು ಒಂದೊಂದು ಬಣ್ಣ. ನನ್ನದು ಕೆಂಪು. ಅಮ್ಜದ ಅಂಗಡಿ ತೆರೆದ ದಿನ ಗಿಳಿಹಸಿರು ಬಾಟಲಿ ಕೊಡಿಸಿದವನು ನಾನೇ.

೧೩ ಜನವರಿ
ಖಾನಾಪುರ. ಗಿರಾಕಿಗಳ ಎದುರಿಗೇ ಪ್ರೋಬ್ ಅವನ ಟೇಬಲ್ಲಿಗೆ ಎಸೆದೆ.
"ಈ ಹಸರ ಯಾರದೋ?"
"ನಂದರೀ ಭಾಯಿಸಾಬ್. ಸ್ವಿಚ್ ಸಡಲಾಗಿತ್ತು, ಹಚ್ಚೀನಿ. ಹೇಳೂದು ಮರತೆ."
"ಚಾಳೀಸ ಅನ್ನೂದು ಮರೀಲಿಲ್ಲ? ಧನ್ಯಕುಮಾರನ ಬೋರ್ಡಿಗೆ ಏನ್ ರಿಪೇರಿ ಮಾಡಿದಿ? ಹೇಳು."
ಸೋಲ್ಡರಿಂಗ್ ಕಡ್ಡಿ ಎತ್ತಿಕೊಂಡು ಬೇರೆ ಕೆಲಸಕ್ಕೆ ಬಾಗಿದ. ಒಳಗಿನಿಂದ ಗುಲಶನ, "ಭಾಯಿ, ಚಾ ಕುಡದಾದ್ರೂ ಜಗಳಾಡ್ರಿ" ಎಂದಳು. ಕುಡಿಯದೆ ಬಂದೆ.

೧೪ ಜನವರಿ
ಧನ್ಯಕುಮಾರನ ಮಗ್ಗ ನಿಲ್ಲಿಸಿ ಬೋರ್ಡು ನೋಡಿದೆ. ಒಂದೂ ಹೊಸ ಸೋಲ್ಡರ್ ಇಲ್ಲ. ಓಡುತ್ತಿರುವುದು ನಾನು ಹಾಕಿದ ಐಸಿ! ಬೋರ್ಡು ಸರಿಯಿದ್ದದ್ದು ಕಂಡ ಕೂಡಲೇ ಅಮ್ಜದನಿಗೆ ತನ್ನ ಹನಿ ನೆನಪಾಗಿರಲೇಬೇಕು. ನನಗೆ ಫೋನ್ ಮಾಡಲಿಲ್ಲ. ಗಿರಾಕಿ ಹಿಡಿದ.

ಹನಿ ಕೆರೆದಿಲ್ಲ. ಪ್ರೋಬನ್ನು ಅಂಗಡಿ ಬಾಗಿಲಿಗೆ ತೂಗುಹಾಕಿದ್ದೇನೆ. ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ.

೧೫ ಜನವರಿ
ಶಗುಫ್ತಾ ಈ ಪುಟದ ಫೋಟೊ ತೆಗೆದು ಅಮ್ಜದನಿಗೆ ಕಳಿಸಲಿ. ಅವಳು ಒಲ್ಲೆ ಎಂದರೂ ಬಿಡೆನು.
ಅಮ್ಜದ, ನೀನು ಧನ್ಯಕುಮಾರನ ಎದುರಿಗೆ ನಿಂತು ಹೇಳಬೇಕು — ಕೆಟ್ಟದ್ದು ನನ್ನ ಕಣ್ಣಲ್ಲ, ನಿನ್ನ ಹನಿ ಅಂತ. ಬರುತ್ತೀಯೋ, ಇಲ್ಲವೋ? ೨೦ನೇ ತಾರೀಖಿನೊಳಗೆ ಉತ್ತರ ಬೇಕು.