ಹಲಗೆ ಬೇಲಿಯ ಒಳಗೆ

ಮೇ 12, ಮಂಗಳವಾರ

ಬೆಳಿಗ್ಗೆ ತೋಟದ ಮಡಿಗೆ ನೀರು ಹಾಕಿ ಆಯಿತು. ಗಾಳಿ ಜೋರು. ಬೇಲಿಯ ಹಲಗೆ ಒಂದು ಮತ್ತೆ ಸಡಿಲ. ಮೊಳೆ ಬಡಿಯುತ್ತಿದ್ದೆ, ಹೊರಗಿನಿಂದಲೂ ಯಾರೋ ಬಡಿದರು. ಕೌನ್ಸಿಲಿನವಳು. ಇಪ್ಪತ್ತೈದೋ ಮೂವತ್ತೋ. ಹೊಸ ಬೂಟು.

"ಮಿಸೆಸ್ ಚಾರ್ಲ್‌ಟನ್, ಒಳಗೆ ಸ್ವಲ್ಪ ನೋಡ್ಬೇಕಿತ್ತು. ಕೌನ್ಸಿಲ್ ಬಾಡಿಗೆಗೆ ಕೊಟ್ಟ ನೆಲದಲ್ಲಿ ಮುಕ್ಕಾಲು ಭಾಗ ಬೆಳೆ ಇರ್ಬೇಕು ಅಂತ ನಿಯಮ. ಹೊರಗಿಂದ ನಂಗೆ ಕಾಣ್ತಿರೋದು ಒಂದು ಶೆಡ್ಡು, ಒಂದಿಷ್ಟು ರೂಬಾರ್ಬು ಗಿಡ."

"ಮಿಕ್ಕಿದ್ದು ಬೇಲಿ ಒಳಗಿದೆ."

"ಅದನ್ನೇ ನೋಡ್ಬೇಕು ಅಂದಿದ್ದು."

"ಆಗಲ್ಲ. ಲೀಕ್ ಬೆಳೀತಿದೀನಿ. ಸೆಪ್ಟೆಂಬರ್ ಮುಗೀಲಿ, ಬಾ. ಟೀ ಕೊಟ್ಟು ತೋರಿಸ್ತೀನಿ."

"ಈರುಳ್ಳಿ ಥರದ್ದೊಂದು ಗಿಡಕ್ಕೆ ಇಷ್ಟು ಕಾವಲಾ?" ಅಂದಳು. ನಕ್ಕಳು ಬೇರೆ.

ನಗಲಿ. ಹೆಸರು ಕೇಳಿದೆ. ಕ್ಲೇರ್ ಮಿಲ್ಬರ್ನ್. ಮ್ಯಾಟಿ ಮಿಲ್ಬರ್ನನ ಮಗಳು. ಕಳೆದ ವರ್ಷ ಲೀಕ್ ಕ್ಲಬ್ಬಿನ ಸೆಪ್ಟೆಂಬರ್ ಪ್ರದರ್ಶನದಲ್ಲಿ ಮೊದಲನೇ ಬಹುಮಾನ ಹೊಡೆದವನು ಅವನೇ. ಅವನ ಮಗಳನ್ನು ಒಳಗೆ ಬಿಡುವುದೇ? ಸಂಜೆಯೊಳಗೆ ಅವನಿಗೆ ನನ್ನ ಲೀಕಿನ ಸುತ್ತಳತೆ ಗೊತ್ತಾಗಿರುತ್ತದೆ. ಈ ಊರಲ್ಲಿ ಲೀಕ್ ಬೆಳೆಯುವವರು ಮಡಿಯನ್ನು ಹೆಂಡತಿಗೂ ತೋರಿಸುವುದಿಲ್ಲ. ನನ್ನ ಗಂಡ ವಿಲ್ಫ್ ನನಗೆ ತೋರಿಸಿದ್ದನೇ? ಮದುವೆಯಾಗಿ ಮುದುಕಿಯಾದೆ, ಬೇಲಿಯ ಹೊರಗೇ ನಿಂತು ಫ್ಲಾಸ್ಕಿನ ಟೀ ಕೊಟ್ಟೆ. ಅವನನ್ನು ಮಣ್ಣು ಮಾಡಿ ಬಂದ ಮೇಲೆ ಕೋಟಿನ ಜೇಬಲ್ಲಿ ಬೀಗದ ಕೈ ಸಿಕ್ಕಿತು. ಒಳಗೆ ಮೊದಲ ಸಲ ಕಾಲಿಟ್ಟದ್ದು ಆವತ್ತು. ಕೂತು ಅತ್ತೆ. ಆಮೇಲೆ ಕಳೆ ಕಿತ್ತೆ.

ಜೂನ್ 9

ಮತ್ತೆ ಬಂದಿದ್ದಳು. ಮತ್ತೆ ಆಗಲ್ಲ ಅಂದೆ.

"ಅಜ್ಜಿ, ನಾನು ನಿಮ್ಮ ಶತ್ರು ಅಲ್ಲ. ಒಂದು ನಿಮಿಷ ಇಣುಕಿ ಹೋಗ್ತೀನಿ."

"ನಿನ್ನ ಅಪ್ಪನೂ ಹಾಗೇ ಅಂದಿದ್ದ, ವಿಲ್ಫ್ ಬದುಕಿದ್ದಾಗ. ವಿಲ್ಫ್ ಪೈಪಿನ ನೀರು ಹಾರಿಸಿ ಓಡಿಸಿದ್ದ."

"ಹಾಗಾದ್ರೆ ಬೆಳೆ ಇಲ್ಲ ಅಂತ್ಲೇ ಬರೀಬೇಕಾಗುತ್ತೆ."

"ಬರ್ಕೋ."

ಬರೆದುಕೊಂಡಳು. ಹೋದಳು. ಯಾಕೋ ಏನೋ, ಮನೆಗೆ ಬಂದು ಕಪಾಟು ಪೂರ್ತಿ ಖಾಲಿ ಮಾಡಿ ಒರೆಸಿದೆ. ಒಂದು ಕಡೆ ಕೂರಲಾಗುತ್ತಿಲ್ಲ.

ಜೂನ್ 19

ನೋಟಿಸ್ ಬಂತು. ನೆಲ ಬಿಡಬೇಕಂತೆ. ಬಿಡುವುದಿಲ್ಲ. ಬೇಕಾದರೆ ಕೋರ್ಟಿಗೆ ಹೋಗಲಿ.

ಜುಲೈ 15, ಬುಧವಾರ

ಹೋದರು. ಕೋರ್ಟು ಮುಂದಿನ ಗುರುವಾರ.

ಸಲಹಾ ಕೇಂದ್ರದ ವಕೀಲ ಪೀಟ್‌ನನ್ನು ನೋಡಿ ಬಂದೆ. ಒಳ್ಳೆಯವನು, ಆದರೆ ಊರಿಗೆ ಹೊಸಬ. "ಒಂದು ಫೋಟೋ ಕೊಡಿ ಸಾಕು. ಬೆಳೆ ತುಂಬಿ ನಿಂತಿದೆ ಅಂತ ಜಡ್ಜ್ ಕಣ್ಣಿಗೆ ಕಂಡ್ರೆ ಅರ್ಧ ಗೆದ್ದ ಹಾಗೆ."

"ಫೋಟೋ ಯಾರ್ಯಾರು ನೋಡ್ತಾರೆ?"

"ಜಡ್ಜ್ ನೋಡ್ತಾರೆ. ಕೌನ್ಸಿಲಿನವರು ನೋಡ್ತಾರೆ."

"ಹಾಗಾದ್ರೆ ಬೇಡ."

ಅವನು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದ. ಪಕ್ಕದ ತುಂಡು ನೆಲದ ಆಸ್ಟಿನ್ ಹೆಸ್ಲಪ್ ಸಾಕ್ಷಿ ಹೇಳಬಹುದಲ್ಲ ಎಂದು ಕೇಳಿದ. ಹೇಗೆ ಹೇಳುತ್ತಾನೆ? ಆಸ್ಟಿನ್ ಕ್ಲಬ್ಬಿನ ಕಾರ್ಯದರ್ಶಿ, ಸುಳ್ಳು ಆಡುವವನಲ್ಲ. ಅವನೂ ಒಳಗೆ ನೋಡಿಲ್ಲ.

ಈ ವರ್ಷದ ಲೀಕ್… ಇಲ್ಲಿ ಬರೆದರೆ ಏನೂ ಆಗದು. ನನ್ನ ತೋಳಿಗಿಂತ ದಪ್ಪ. ಹಾಲಿನ ಹಾಗೆ ಬಿಳಿ. ವಿಲ್ಫ್ ಉಳಿಸಿಕೊಂಡು ಬಂದ ತಳಿ, ಅವನ ಮಣ್ಣು. ಅವನಿಗೆ ಒಂದು ಸಲವೂ ಮೊದಲ ಬಹುಮಾನ ಬರಲಿಲ್ಲ. ಈ ವರ್ಷ ಅವನ ಹೆಸರಿನ ಚೀಟಿ ಇಟ್ಟು ಮೇಜಿನ ಮೇಲೆ ಮೂರು ಲೀಕ್ ಇಡಬೇಕು. ನಾನು ಭಾಗವಹಿಸುತ್ತೇನೆಂದೇ ಯಾರಿಗೂ ಗೊತ್ತಿಲ್ಲ. ಸೆಪ್ಟೆಂಬರ್ ಹತ್ತೊಂಬತ್ತರ ಪ್ರದರ್ಶನದವರೆಗೆ ಮಡಿ ನನ್ನ ಕೈಯಲ್ಲಿದ್ದರೆ ಸಾಕು. ಆಮೇಲೆ ಏನು ಬೇಕಾದರೂ ಆಗಲಿ. ಸುಳ್ಳು — ಆಮೇಲೂ ಬೇಕು.

ಜುಲೈ 23, ಗುರುವಾರ. ಸಂಜೆ

ಸೋತೆ.

ಜಡ್ಜ್ ಹೆಂಗಸು. ಗಟ್ಟಿ ದನಿಯೇ ಇಲ್ಲ. "ಬೇಲಿ ಒಳಗೆ ಬೆಳೆ ಇದೆ ಅಂತೀರಿ. ಯಾರು ನೋಡಿದಾರೆ?"

"ನಾನು."

"ನಿಮ್ಮನ್ನ ಬಿಟ್ಟು?"

"ನನ್ನ ಗಂಡ."

"ಅವ್ರು ಬಂದಿದ್ದಾರಾ?"

"ತೀರ್ಕೊಂಡ್ರು."

ಹಿಂದೆ ಯಾರೋ ಕೆಮ್ಮಿದರು. ತಿರುಗಿ ನೋಡಿದೆ. ಮ್ಯಾಟಿ ಮಿಲ್ಬರ್ನ್ ಟೋಪಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಮಗಳ ಕೆಲಸ ನೋಡಲು ಬಂದನೋ, ನನ್ನ ಮಡಿಯ ಸುದ್ದಿ ಹಿಡಿಯಲು ಬಂದನೋ, ದೇವರೇ ಬಲ್ಲ.

ನೋಟಿಸಿನ ಗಡುವು ಮುಗಿದಿದೆ, ಎರಡು ಸಲ ಅವಕಾಶ ಕೊಟ್ಟರೂ ತೋರಿಸಿಲ್ಲ, ಇನ್ನು ತನ್ನ ಕೈಯಲ್ಲಿ ಏನೂ ಇಲ್ಲ ಎಂದರು ಜಡ್ಜ್. ಸೆಪ್ಟೆಂಬರ್ ಹದಿನಾಲ್ಕಕ್ಕೆ ಬಿಡಬೇಕು. ಆಮೇಲೆ ಕನ್ನಡಕ ತೆಗೆದು ಕೇಳಿದರು, "ಇನ್ನೂ ಸ್ವಲ್ಪ ದಿನ ಬೇಕು ಅನ್ನೋಕೆ ಏನಾದ್ರೂ ಕಾರಣ ಇದೆಯಾ, ಮಿಸೆಸ್ ಚಾರ್ಲ್‌ಟನ್?"

ಇದೆ. ಬರೀ ಐದು ದಿನ. ಬಾಯಿಯವರೆಗೆ ಬಂತು. ಹೇಳಿದರೆ ಮ್ಯಾಟಿಗೆ ಗೊತ್ತಾಗುತ್ತದೆ, ಈ ವರ್ಷ ಹಿಲ್ಡಾ ಸ್ಪರ್ಧೆಗೆ ಇಳಿದಿದ್ದಾಳೆ, ಅವಳ ಬಳಿ ಸರಕಿದೆ ಅಂತ.

"ಇಲ್ಲ" ಅಂದೆ.

ಪೀಟ್ ತಲೆ ಮೇಲೆ ಕೈ ಹೊತ್ತು ಕೂತ. ಬಸ್ಸಿನಲ್ಲಿ ಮನೆಗೆ ಬರುವಾಗ ನನ್ನ ನಿಲ್ದಾಣ ದಾಟಿ ಮೂರು ನಿಲ್ದಾಣ ಮುಂದೆ ಹೋಗಿಬಿಟ್ಟಿದ್ದೆ. ನಡೆದು ವಾಪಸ್ಸು ಬಂದೆ.

ಆಗಸ್ಟ್ 16, ಭಾನುವಾರ

ಬರೆಯುವುದಕ್ಕೆ ಏನಿದೆ. ಹೋಗುತ್ತೇನೆ, ನೀರು ಹಾಕುತ್ತೇನೆ, ಬರುತ್ತೇನೆ. ಮನೆಗೆ ಬಂದರೆ ಬೀಗ ಹಾಕಿದೆನೋ ಇಲ್ಲವೋ ಎಂದು ಮತ್ತೆ ಓಡುತ್ತೇನೆ. ಹಾಕಿರುತ್ತೇನೆ. ಊಟ ರುಚಿಸದು. ರೇಡಿಯೋ ಹಾಕಿದರೆ ಸಿಟ್ಟು, ಆರಿಸಿದರೆ ಇನ್ನೂ ಸಿಟ್ಟು.

ಆಸ್ಟಿನ್‌ಗೆ ಕೊನೆಗೂ ಹೇಳಿದೆ. ಹೆಸರು ಬರೆಸಬೇಕಲ್ಲ. ಬೇಲಿಯಾಚೆಯಿಂದ ಅಂದ:

"ಲೇ ಹಿಲ್ಡಾ, ನನ್ನ ಮಡೀಲಿ ಮೂಲೆ ಖಾಲಿ ಇದೆ. ಬುಡದ ಮಣ್ಣು ಸಮೇತ ತಂದು ನೆಡು. ಐದು ದಿನ ತಾನೆ, ನಾನು ಆ ಕಡೆ ತಿರುಗಿ ನಿಂತಿರ್ತೀನಿ."

"ಇನ್ನೊಬ್ರ ಮಣ್ಣಲ್ಲಿ ನಿಂತ ಲೀಕು ಮೇಜಿಗೆ ಬರಬಾರದು. ಆ ನಿಯಮ ಬರೆದೋನು ನೀನೇ ಅಲ್ವೇನೋ?"

"ಬರೆದೋನು ನಾನೇ. ಅದಕ್ಕೇ ಹೇಳ್ತಿರೋದು."

"ಬೇಡ."

"ನೀನೂ ವಿಲ್ಫ್ ಹಾಗೇ ಆದೆ ಕಣೆ" ಅಂದ. ಹೊಗಳಿದನೋ ಬೈದನೋ ತಿಳಿಯಲಿಲ್ಲ.

ಸೆಪ್ಟೆಂಬರ್ 2

ದಿನ ಓಡುತ್ತಿವೆ. ಲೀಕ್ ಇನ್ನೂ ದಪ್ಪವಾಗುತ್ತಿವೆ. ಅವಕ್ಕೆ ಕೋರ್ಟಿನ ಸಂಗತಿ ಗೊತ್ತೇ?

ಸೆಪ್ಟೆಂಬರ್ 14, ಸೋಮವಾರ. ಮಧ್ಯಾಹ್ನ

ಮುಗಿಯಿತು.

ಬೆಳಿಗ್ಗೆಯೇ ಆಸ್ಟಿನ್ ಮುದ್ರೆ ತಂದ. ಲೀಕ್ ನೆಲದಲ್ಲಿ ನಿಂತಿರುವಾಗಲೇ ಎಲೆಗೆ ಕ್ಲಬ್ಬಿನ ಮುದ್ರೆ ಒತ್ತಬೇಕು, ಯಾರೂ ಕೊಂಡದ್ದನ್ನು ತಂದಿಡಬಾರದೆಂದು. ಒಳಗೆ ಬಿಟ್ಟೆ. ಅವನು ಟೋಪಿ ತೆಗೆದ. ಮೂರು ಲೀಕಿಗೆ ಮುದ್ರೆ ಒತ್ತಿದ.

ಮೂರನ್ನೂ ಅಗೆದೆವು. ಒದ್ದೆ ಟವೆಲು ಸುತ್ತಿದೆವು. ಇನ್ನು ಐದು ದಿನ. ಕಿತ್ತ ಗಳಿಗೆಯಿಂದಲೇ ಲೀಕ್ ಸೊರಗಲು ಶುರು, ಅದು ಇಬ್ಬರಿಗೂ ಗೊತ್ತು. ಮಿಕ್ಕವು ಮಡಿಯಲ್ಲೇ ನಿಂತಿದ್ದವು, ಸಾಲಾಗಿ.

ಹತ್ತಕ್ಕೆ ಕ್ಲೇರ್ ಬಂದಳು, ಬೀಗ ಬದಲಿಸುವವನ ಜೊತೆ. ನಾನು ಬಾಗಿಲು ಪೂರ್ತಿ ತೆರೆದೆ. "ಬಾ. ಈಗ ನೋಡು."

ಒಳಗೆ ಬಂದಳು. ನಿಂತಳು. ಆ ಬೂಟು ಈಗ ಹೊಸದಾಗಿರಲಿಲ್ಲ. ಸಾಲಿನ ಕೊನೆಯವರೆಗೆ ನಡೆದು ವಾಪಸ್ಸು ಬಂದಳು. ಕಣ್ಣಲ್ಲಿ ನೀರು.

"ಮೇ ತಿಂಗಳಲ್ಲಿ ಇದನ್ನ ತೋರ್ಸಿದ್ರೆ ನಾನು ಒಂದು ಸಾಲು ಬರ್ದು ಹೋಗ್ತಿದ್ದೆ. ಅಷ್ಟೇ ಇತ್ತು ಕೆಲಸ."

"ನಿಮ್ಮಪ್ಪನಿಗೆ ಹೇಳ್ತಿದ್ದೆ."

"ನಮ್ಮಪ್ಪನಿಗಾ? ನಂಗೆ ಲೀಕಿನ ವಾಸನೇನೇ ಆಗಲ್ಲ. ಚಿಕ್ಕಂದಿನಿಂದ ಊಟದ ಹೊತ್ತಲ್ಲೂ ಅದೇ ಮಾತು ಕೇಳಿ ಕೇಳಿ… ಅವ್ರ ಮಡೀನೂ ನಾನು ನೋಡಿಲ್ಲ. ಬಿಡಲ್ಲ."

ನನಗೆ ಕೂರಬೇಕೆನಿಸಿತು. ಆಸ್ಟಿನ್ ಬಕೆಟ್ಟು ಬೋರಲು ಹಾಕಿ ಕೊಟ್ಟ.

ಆಮೇಲೆ ಬೀಗದವನು ತನ್ನ ಕೆಲಸ ಮಾಡಿದ. ಮುಂದಿನವರು ಸ್ಟ್ರಾಬೆರಿ ಹಾಕುತ್ತಾರಂತೆ. ಬೇಲಿ ಕೀಳುತ್ತಾರಂತೆ. ಕೀಳಲಿ. ತಳಿ ಉಳಿಯಬೇಕಲ್ಲ, ಬೀಜಕ್ಕೆಂದು ಎರಡು ಲೀಕ್ ಆಸ್ಟಿನ್‌ಗೆ ಕೊಟ್ಟೆ. ವಿಲ್ಫ್ ಇದ್ದಿದ್ದರೆ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಿದ್ದ. ಹಾಕಲಿ. ಹೊರಗೇ ಇದ್ದೆನಲ್ಲ ಅಷ್ಟು ವರ್ಷ.

ಸೆಪ್ಟೆಂಬರ್ 17

ಮೂರೂ ಸ್ನಾನದ ತೊಟ್ಟಿಯಲ್ಲಿವೆ, ಒದ್ದೆ ಟವೆಲಿನಡಿ. ಗಳಿಗೆಗೊಮ್ಮೆ ಮೇಲೆ ಹೋಗುತ್ತೇನೆ. ಒಂದರ ಹೊರಪದರ ಹಳದಿಗೆ ತಿರುಗಿದೆ. ಅಳತೆಪಟ್ಟಿ ಹಿಡಿದು ನಿಂತೆ, ಅಳೆಯಲಿಲ್ಲ.

ಸೆಪ್ಟೆಂಬರ್ 19, ಶನಿವಾರ. ಬೆಳಿಗ್ಗೆ

ಇಡುವುದಿಲ್ಲ ಎಂದು ತೀರ್ಮಾನಿಸಿದ್ದೆ. ಸೊರಗಿದ್ದನ್ನು ಮೇಜಿಗೆ ಒಯ್ದು ಅವನ ಹೆಸರಿಗೆ ಅವಮಾನ ಯಾಕೆ ಅಂತ. ಚೀಟಿ ಹರಿಯಲು ಹೋದೆ. ಹರಿಯಲಾಗಲಿಲ್ಲ. ವಿಲ್ಫ್ ಚಾರ್ಲ್‌ಟನ್ ಅಂತ ನನ್ನದೇ ಅಕ್ಷರ.

ಈಗ ಕೆಳಗೆ ವ್ಯಾನು ನಿಂತ ಸದ್ದು. ಕಿಟಕಿಯಿಂದ ನೋಡಿದೆ — ಮ್ಯಾಟಿ ಮಿಲ್ಬರ್ನ್. ಹೊಸ ಕೋಟು, ಪ್ರದರ್ಶನಕ್ಕೆ ಹೊರಟ ವೇಷ.

"ಮಗಳು ಹೇಳಿದ್ಲು, ಹಿಲ್ಡಾ" ಅಂದ ಕೆಳಗಿನಿಂದಲೇ. "ಲೀಕ್ ಎಷ್ಟು ದಪ್ಪ ಅಂತ ಹೇಳ್ಲಿಲ್ಲ, ಕೇಳಿದ್ರೂ ಹೇಳ್ಲಿಲ್ಲ. ಹೊತ್ಕೊಂಡು ಹೋಗೋಕೆ ಜನ ಬೇಕು ಅಂತ ಮಾತ್ರ ಅಂದ್ಲು. ವ್ಯಾನಲ್ಲಿ ನಂದೂ ಇದೆ, ಮುಚ್ಚಿಟ್ಟಿದ್ದೀನಿ. ನೀನು ಮುಚ್ಚಿ ಕೊಡು, ನಾನು ನೋಡಲ್ಲ."

"ಬಾಗಿಲು ತೆಗ್ದಿದೆ, ಬಾ" ಅಂದೆ.

ಟವೆಲು ತೆಗೆದುಬಿಟ್ಟೆ. ಮೂರೂ. ಬಚ್ಚಲಿನ ಬಾಗಿಲೂ ತೆರೆದೇ ಇಟ್ಟೆ. ಮೆಟ್ಟಿಲ ಮೇಲೆ ಅವನ ಬೂಟಿನ ಸದ್ದು. ನೋಡಲಿ. ಮೊದಲು ಅವನೇ ನೋಡಲಿ.